ನಿಜಾಮರ 42,85,714 ರೂಪಾಯಿ ಯಾವ ಹೆಡ್ಡಿನಲ್ಲಿ ಬರುತ್ತಿತ್ತು? ಸಂಬಳವೋ, ಪಿಂಚಣಿಯೋ, ಕಂತೋ?

ಹಳೆ ಖಜಾನೆ ಗುಮಾಸ್ತ, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಮೂವತ್ತಮೂರು ವರ್ಷ ಖಜಾನೆಯಲ್ಲಿ ಬಿಲ್ ಪಾಸು ಮಾಡಿ ನಿವೃತ್ತನಾದವನು. ಇತಿಹಾಸ ಓದಿದವನಲ್ಲ. ಯಾರಿಗೆ ಎಷ್ಟೇ ದುಡ್ಡು ಹೋಗಲಿ, ನನಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಯಾವ ಹೆಡ್ಡಿನಲ್ಲಿ? ಬಿಲ್ಲಿನ ತಲೆಯ ಮೇಲೆ ಲೆಕ್ಕ ಶೀರ್ಷಿಕೆ ಇಲ್ಲದಿದ್ದರೆ ಸಾಕ್ಷಾತ್ ಕಲೆಕ್ಟರ್ ಸಾಹೇಬರ ಬಿಲ್ಲನ್ನೂ ವಾಪಸ್ ಕಳಿಸಿದ್ದೇನೆ.

ಮೊಮ್ಮಗ ಲೆಸ್ಟರ್‌ನಲ್ಲಿ ಓದುತ್ತಿದ್ದಾನೆ. ಸಂಜೆ ಹೊತ್ತು ಒಂದು ಗೋದಾಮಿನಲ್ಲಿ ಕೆಲಸ. ಹೋದ ಭಾನುವಾರ ವಿಡಿಯೋ ಕಾಲ್ ಮಾಡಿ, "ಮುತ್ಯಾ, ಇಲ್ಲಿ ನನ್ನ ಪಗಾರದಾಗ ಟ್ಯಾಕ್ಸ್ ಹಿಡೀತಾರ, ಅದು ರಾಜಗ ಹೋಗ್ತದಂತ" ಎಂದು ಗೊಣಗಿದ. "ರಾಜ ಯಾವ ಹೆಡ್ಡಿನಾಗ ತೊಗೋತಾನ?" ಎಂದು ಕೇಳಿದೆ. ಅವನು ನಕ್ಕು ಪ್ರಶ್ನೆಯನ್ನು ನನ್ನ ಕಡೆಗೇ ತಿರುಗಿಸಿದ. "ನಿಮ್ಮ ನಿಜಾಮಗೂ ಸರ್ಕಾರ ಕೊಡ್ತಿತ್ತಲ್ಲ, ಅದು ಯಾವ ಹೆಡ್ಡು ಹೇಳು." ನನ್ನ ಬಾಯಿ ಕಟ್ಟಿತು. ಇಡೀ ಸರ್ವಿಸ್‌ನಲ್ಲಿ ಆಡಿಟ್‌ನವರ ಮುಂದೂ ಹಾಗೆ ಕಟ್ಟಿರಲಿಲ್ಲ.

ಆಮೇಲೆ ನಾನೇ ಹುಡುಕಿ ನೋಡಿದೆ. ರಾಜಧನ, ಅಂದರೆ ಸಂಸ್ಥಾನ ಬಿಟ್ಟುಕೊಟ್ಟ ರಾಜರಿಗೆ ಭಾರತ ಸರ್ಕಾರ ವರ್ಷವರ್ಷ ಕೊಡುತ್ತಿದ್ದ ಹಣ. ಅದರ ಪಟ್ಟಿಯಲ್ಲಿ ಮೈಸೂರಿಗೆ ವರ್ಷಕ್ಕೆ 26 ಲಕ್ಷ. ತಿರುವಾಂಕೂರಿಗೆ 18 ಲಕ್ಷ. ಕಾಠಿಯಾವಾಡದ ಕಟೋಡಿಯಾ ಅನ್ನುವ ಪುಟ್ಟ ಸಂಸ್ಥಾನಕ್ಕೆ ವರ್ಷಕ್ಕೆ 192 ರೂಪಾಯಿ. ತಿಂಗಳಿಗೆ 16! ಅದನ್ನು ತೆಗೆದುಕೊಳ್ಳಲು ಆ ರಾಜರು ಟಾಂಗಾ ಮಾಡಿಕೊಂಡು ಬಂದಿದ್ದರೆ ಬಾಡಿಗೆಗೇ ಸರಿಹೋಗುತ್ತಿತ್ತು. ಇರಲಿ. ನನ್ನ ಕಣ್ಣು ನಿಂತಿದ್ದು ಹೈದರಾಬಾದಿನ ಮೇಲೆ. 42,85,714 ರೂಪಾಯಿ. ಮೈಸೂರು, ತಿರುವಾಂಕೂರಿಗೆ ದುಂಡು ಮೊತ್ತ, ನಮ್ಮವರಿಗೆ ಮಾತ್ರ ಈ 714ರ ಬಾಲ ಎಲ್ಲಿಂದ ಬಂತು? ನಮ್ಮ ಕಡೆ ಬಿಲ್ಲಿನಲ್ಲಿ ಇಂಥ ಬಾಲ ಕಂಡರೆ ಎಲ್ಲೋ ಏನೋ ಕಡಿತವಾಗಿದೆ ಅಂತ ಅರ್ಥ.

ಇದನ್ನು ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಎಂಬತ್ತರ ದಶಕದಲ್ಲಿ ನನ್ನ ಕೌಂಟರಿಗೆ ಆಳಂದ ಕಡೆಯ ಒಬ್ಬ ಮುದುಕರು ಬರುತ್ತಿದ್ದರು. ಬಿಳಿ ಟೋಪಿ, ಕಂಕುಳಲ್ಲಿ ಬಟ್ಟೆಯ ಚೀಲ. ನಿಜಾಮರ ವಿರುದ್ಧ ಹೋರಾಡಿ ಜೈಲಿಗೆ ಹೋದವರು. 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತ್ತಲ್ಲ, ಮೊದಲಿಗೆ ತಿಂಗಳಿಗೆ 200 ರೂಪಾಯಿ, ಅದಕ್ಕೆ ಓಡಾಡುತ್ತಿದ್ದರು. ನಿಯಮದ ಪ್ರಕಾರ ಕನಿಷ್ಠ ಆರು ತಿಂಗಳು ಜೈಲಿನಲ್ಲಿ ಇದ್ದಿರಬೇಕು. ಇವರದು ಐದು ತಿಂಗಳು ಚಿಲ್ಲರೆ ದಿನ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರು ಭಾರತದ ಸೈನ್ಯಕ್ಕೆ ಶರಣಾದರು, ಕೆಲವೇ ದಿನದಲ್ಲಿ ಇವರನ್ನು ಹೊರಗೆ ಬಿಟ್ಟರು. "ಮಿಲಿಟ್ರಿ ಇನ್ನೊಂದು ತಿಂಗಳು ತಡಾ ಮಾಡಿ ಬಂದಿದ್ರ ನನ್ನ ಪಿಂಚಣಿ ಆಗ್ತಿತ್ತು ನೋಡ್ರಿ" ಎಂದು ನಗುತ್ತಿದ್ದರು. ಅವರ ಫೈಲು ಹೋಗಿ ಹೋಗಿ ವಾಪಸ್ ಬಂತು. ಮಂಜೂರು ಮಾಡುವುದು ನನ್ನ ಕೈಯಲ್ಲಿ ಇರಲಿಲ್ಲ. ಚಹಾ ಕುಡಿಸಿ ಕಳಿಸುತ್ತಿದ್ದೆ, ಅಷ್ಟೆ.

ಜೈಲಿಗೆ ಹೋದವರು ಸರ್ಟಿಫಿಕೇಟ್ ತರಬೇಕು. ಜೈಲಿಗೆ ಹಾಕಿಸಿದವರಿಗೆ ವರ್ಷಕ್ಕೆ 42 ಲಕ್ಷ. ಅದೂ ಎಲ್ಲ ರಾಜರ ಹಾಗೆ ಮೊದಲೇ ಸಹಿ ಹಾಕಿ ಭಾರತಕ್ಕೆ ಬಂದವರಲ್ಲ ಇವರು, ಸೈನ್ಯ ಬಂದ ಮೇಲೆ ಬಂದವರು. ಇದನ್ನು ಏನಂತ ಕೊಟ್ಟರು? ತಿಳಿದವರು ಹೇಳಿ. ಬೈಯುವವರೂ ಬೈಯಬಹುದು, ಆದರೆ ಲೆಕ್ಕ ಹೇಳಿ ಬೈಯಿರಿ.

ಗಣಿತದ ಟೀಚರ್, ಬೀದರ್

ಕಾಕಾ, ಶರಣ್ರಿ. ನಿಮ್ಮ 714ರ ಬಾಲ ನನ್ನ ಕೈಗೆ ಸಿಕ್ಕಿತು. ಮೊದಲು ಅದನ್ನೇ ಮುಗಿಸುತ್ತೇನೆ.

42,85,714ನ್ನು 7ರಿಂದ ಗುಣಿಸಿ, 6ರಿಂದ ಭಾಗಿಸಿ. 50 ಲಕ್ಷ ಬರುತ್ತದೆ, ಪೈಸೆಗಳ ವ್ಯತ್ಯಾಸ ಬಿಟ್ಟರೆ. ಅಂದರೆ ಒಪ್ಪಂದ ಆಗಿದ್ದು ದುಂಡಾಗಿ 50 ಲಕ್ಷಕ್ಕೇ. ಆದರೆ ಹಾಲಿ ಸಿಕ್ಕಾದಲ್ಲಿ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತಲ್ಲ. ಬ್ರಿಟಿಷ್ ರೂಪಾಯಿ 100ಕ್ಕೆ ಹಾಲಿ 116 ರೂಪಾಯಿ 10 ಆಣೆ 8 ಪೈ. ಇದನ್ನೇ ಸುಲಭ ಮಾಡಿದರೆ ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ. ಹಾಗಾಗಿ ನೀವು ಹೇಳಿದ್ದು ಸರಿ, ಕಡಿತವೇ ಆಗಿದೆ. ವಿನಿಮಯದ ಕಡಿತ.

ನಮ್ಮ ಆಯಿಯ ಟ್ರಂಕಿನಲ್ಲಿ ಚಾರ್‌ಮಿನಾರ್ ಇರುವ ಹಾಲಿ ರೂಪಾಯಿ ಎರಡು ಇದ್ದವು. ಅವರು ಹುಡುಗಿಯಾಗಿದ್ದಾಗ ಸಂತೆಯಲ್ಲಿ ಸೊಲ್ಲಾಪುರದ ಕಡೆಯ ವ್ಯಾಪಾರಿಗಳು ದರ ಹೇಳುವ ಮೊದಲು "ಹಾಲಿನೋ ಕಲ್ದಾರೋ?" ಎಂದು ಕೇಳುತ್ತಿದ್ದರಂತೆ. ತಿಳಿಯದವರು ಏಳಕ್ಕೊಂದು ರೂಪಾಯಿ ಕಳೆದುಕೊಂಡು ಮನೆಗೆ ಬರುತ್ತಿದ್ದರು. ಏಳನೇ ಕ್ಲಾಸಿನ ಮಕ್ಕಳಿಗೆ ಅನುಪಾತ ಕಲಿಸುವಾಗ ನಾನು ಇದೇ ಲೆಕ್ಕ ಕೊಡುತ್ತೇನೆ. ನಿಜಾಮರ ಲೆಕ್ಕವನ್ನೂ ಇನ್ನು ಮುಂದೆ ಸೇರಿಸುತ್ತೇನೆ.

ಸಂಬಳವೋ ಪಿಂಚಣಿಯೋ ನನಗೆ ಗೊತ್ತಿಲ್ಲ ಕಾಕಾ. ಅದಕ್ಕೆ ವಕೀಲರು ಬರಲಿ.

ಕರಿ ಕೋಟು, ಯಾದಗಿರಿ

ಬಂದೆ.

ಗುಮಾಸ್ತರೇ, ನಿಮಗೆ ಅರ್ಥವಾಗುವ ಒಂದೇ ಪದದಲ್ಲಿ ಹೇಳುತ್ತೇನೆ: ಚಾರ್ಜ್ಡ್. ಬಿಲ್ಲಿನ ಮೇಲೆ "ವೋಟೆಡ್" ಮತ್ತು "ಚಾರ್ಜ್ಡ್" ಅಂತ ಇರುತ್ತದಲ್ಲ, ಆ ಚಾರ್ಜ್ಡ್. ಸಂವಿಧಾನದ 291ನೇ ವಿಧಿಯಲ್ಲಿ ರಾಜಧನವನ್ನು ಭಾರತದ ಸಂಚಿತ ನಿಧಿಯ ಮೇಲೆ ಹೊರಿಸಿದ್ದರು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳದ ಹಾಗೆ ಅದರ ಮೇಲೆ ಸಂಸತ್ತಿನಲ್ಲಿ ಮತದಾನ ಇಲ್ಲ. ಮೇಲಿಂದ ಆದಾಯ ತೆರಿಗೆಯೂ ಇಲ್ಲ. ನ್ಯಾಯಮೂರ್ತಿಗಳಿಗೂ ಆ ಭಾಗ್ಯ ಇಲ್ಲ.

ಇನ್ನು ಅದು ಏನು? ನನ್ನ ಪ್ರಕಾರ ಕಂತು. ಸರ್ದಾರ್ ಪಟೇಲರು 1949ರ ಅಕ್ಟೋಬರ್ 12ರಂದು ಸಂವಿಧಾನ ಸಭೆಯಲ್ಲಿ ಇದನ್ನು ಸಮರ್ಥಿಸಿದಾಗ ಹೇಳಿದ್ದರ ತಿರುಳು ಅದೇ. ರಾಜರು ಅಧಿಕಾರ ಬಿಟ್ಟುಕೊಟ್ಟರು, ಸಂಸ್ಥಾನಗಳನ್ನು ಕರಗಿಸಲು ಒಪ್ಪಿದರು, ಅದಕ್ಕೆ ಬದಲಾಗಿ ಇಷ್ಟು. ಸಿಕ್ಕಿದ್ದಕ್ಕೆ ಹೋಲಿಸಿದರೆ ಕೊಟ್ಟದ್ದು ಸಣ್ಣದು.

"ನಿಜಾಮರು ಸೈನ್ಯ ಬಂದ ಮೇಲೆ ಬಂದವರು, ಅವರಿಗೇಕೆ?" ಎಂಬ ನಿಮ್ಮ ಪ್ರಶ್ನೆ ಒಳ್ಳೆಯದು. ಸೋತವರ ಸಹಿಗೂ ಆಗ ಬೆಲೆ ಇತ್ತು. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೂತಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಬರೆಯಬೇಕಾದವರು ಅವರೇ, ಬರೆದರು. ಸರ್ಫೆ ಖಾಸ್ ಅಂದರೆ ಅವರ ಖಾಸಗಿ ಜಮೀನುಗಳನ್ನು 1949ರಲ್ಲಿ ಸರ್ಕಾರಕ್ಕೆ ಬಿಟ್ಟರು. ಅದೇ ವರ್ಷ ನವೆಂಬರಿನಲ್ಲಿ ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನ ಎಂದು ಫರ್ಮಾನು ಹೊರಡಿಸಿದರು. 1950ರ ಜನವರಿಯಲ್ಲಿ ರಾಜಧನದ ಒಪ್ಪಂದ. ಸರ್ಫೆ ಖಾಸ್‌ಗೆ ಪ್ರತ್ಯೇಕವಾಗಿ 25 ಲಕ್ಷ. ಒಂದೊಂದು ಸಹಿಯನ್ನೂ ಕೊಂಡುಕೊಂಡರು ಅನ್ನಿ.

ನಿಲ್ಲಿಸಿದ ಕಥೆ ಇದಕ್ಕಿಂತ ಮಜವಾಗಿದೆ. 1970ರ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿ ಸರ್ಕಾರದ ತಿದ್ದುಪಡಿ ಲೋಕಸಭೆಯಲ್ಲಿ ಪಾಸಾಯಿತು. ರಾಜ್ಯಸಭೆಯಲ್ಲಿ ಪರ 149, ವಿರೋಧ 75. ಮೂರನೇ ಎರಡರಷ್ಟು ಬೇಕು. 224ರಲ್ಲಿ ಮೂರನೇ ಎರಡು ಎಂದರೆ 149.33. ಒಂದು ಓಟಿನ ಮೂರನೇ ಒಂದು ಪಾಲು ಕಡಿಮೆ ಬಿತ್ತು! ಬೀದರ್ ಟೀಚರ್, ಇದನ್ನೂ ಮಕ್ಕಳಿಗೆ ಕೊಡಿ. ಮರುದಿನವೇ ರಾಷ್ಟ್ರಪತಿ ವಿ.ವಿ. ಗಿರಿಯವರ ಆದೇಶದಲ್ಲಿ ಎಲ್ಲ ರಾಜರ ಮಾನ್ಯತೆ ರದ್ದು. ಮಾಧವರಾವ್ ಸಿಂಧಿಯಾ ಮತ್ತಿತರರು ಕೋರ್ಟಿಗೆ ಹೋದರು, ಡಿಸೆಂಬರ್ 15ಕ್ಕೆ ಸುಪ್ರೀಂ ಕೋರ್ಟ್ ಆ ಆದೇಶವನ್ನು ಹೊಡೆದು ಹಾಕಿತು. ಆಮೇಲೆ 1971ರ ಚುನಾವಣೆ, ದೊಡ್ಡ ಬಹುಮತ, 26ನೇ ತಿದ್ದುಪಡಿ. 1971ರ ಡಿಸೆಂಬರ್ 28ಕ್ಕೆ ರಾಜಧನ ಮುಗಿಯಿತು. 1993ರಲ್ಲಿ ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು.

ನಾನು ರಾಜರ ಪರ ಅಲ್ಲ. ಆದರೆ ಬರೆದುಕೊಟ್ಟ ಕರಾರನ್ನು ಇಪ್ಪತ್ತೆರಡು ವರ್ಷಕ್ಕೆ ಹರಿದಿದ್ದು ನನಗೆ ಈಗಲೂ ಕಿರಿಕಿರಿ. ಒಂದೊಂದು ತಲೆಮಾರಿಗೂ ಮೊತ್ತ ಹೇಗೂ ಇಳಿಯುತ್ತಿತ್ತು. ನಿಜಾಮ ಉಸ್ಮಾನ್ ಅಲಿ ಖಾನ್ 1967ರಲ್ಲಿ ತೀರಿಕೊಂಡ ಮೇಲೆ ಮೊಮ್ಮಗ ಮುಕರ್ರಂ ಜಾಗೆ 20 ಲಕ್ಷಕ್ಕೆ ಇಳಿದಿತ್ತು.

ನಾಯಕರ ಊರಿನವ, ಸುರಪುರ

ವಕೀಲ ಸಾಹೇಬರೇ, ಕರಾರು ಹರಿದರೆ ನಿಮಗೆ ಕಿರಿಕಿರಿ. ನಮ್ಮ ಊರಿನ ಗುಡ್ಡ ಹತ್ತಿ ಒಮ್ಮೆ ನಿಂತು ನೋಡಿ, ಆಮೇಲೆ ಮಾತಾಡೋಣ.

ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಹುಡುಗನಾಗಿದ್ದಾಗ ಅವನನ್ನು ನೋಡಿಕೊಂಡವನು ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ, ರಾಜ ಅವನನ್ನು ಅಪ್ಪಾ ಅಂತ ಕರೆಯುತ್ತಿದ್ದ. ಟೇಲರ್ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಈಗಲೂ ಗುಡ್ಡದ ಮೇಲಿದೆ. ರಾಜ ಸೆರೆಸಿಕ್ಕ. ಜೈಲಿಗೆ ಒಯ್ಯುವಾಗ ದಾರಿಯಲ್ಲೇ ಗುಂಡಿನಿಂದ ಸತ್ತ. ತಾನೇ ಹೊಡೆದುಕೊಂಡ ಅಂತ ಟೇಲರ್ ಬರೆದಿದ್ದಾನೆ. ನಮ್ಮ ಊರಿನಲ್ಲಿ ಎಲ್ಲರೂ ಅದನ್ನು ನಂಬುವುದಿಲ್ಲ, ಅದು ಬೇರೆ ಮಾತು. ಸಂಸ್ಥಾನವನ್ನು ಬ್ರಿಟಿಷರು ಏನು ಮಾಡಿದರು? 1860ರಲ್ಲಿ ನಿಜಾಮರಿಗೆ ಇನಾಮು ಕೊಟ್ಟರು. ದಂಗೆಯಲ್ಲಿ ತಮ್ಮ ಪರ ನಿಂತಿದ್ದಕ್ಕೆ.

ಈಗ ಲೆಕ್ಕ ಹಾಕಿ. ಎದ್ದು ನಿಂತವನ ರಾಜ್ಯ ಹೋಯಿತು, 1947ಕ್ಕೆ ಅದು ಪಟ್ಟಿಯಲ್ಲೇ ಇರಲಿಲ್ಲ, ರಾಜಧನದ ಮಾತೇ ಇಲ್ಲ. ಬ್ರಿಟಿಷರಿಗೆ "ನಂಬಿಕಸ್ಥ ಮಿತ್ರ" ಅನಿಸಿಕೊಂಡವರಿಗೆ ನಮ್ಮ ಊರಿನ ಭೂಮಿಯೂ ಸೇರಿ ಪರಿಹಾರ. ಕೊಂಡುಕೊಂಡರು ಅಂತೀರಿ. ಅವರದಲ್ಲದ ಮಾಲನ್ನು ಅವರ ಹತ್ತಿರ ಕೊಂಡರೆ ಅದಕ್ಕೆ ಏನಂತಾರೆ ನಿಮ್ಮ ಕಾನೂನಿನಲ್ಲಿ?

ಕರಿ ಕೋಟು, ಯಾದಗಿರಿ

ಕಾನೂನಿನಲ್ಲಿ ಅದಕ್ಕೆ ಒಂದು ಹೆಸರಿದೆ ತಮ್ಮಾ, ಆದರೆ ಇಲ್ಲಿ ಬರೆಯುವುದಿಲ್ಲ. ನಿನ್ನ ಮಾತು ಒಪ್ಪಿದೆ. ಗುಡ್ಡಕ್ಕೆ ಬರುತ್ತೇನೆ, ಚಳಿಗಾಲದಲ್ಲಿ.

ಸುಮ್ನೆ ಓದುವವ

ಸತ್ತ ರಾಜರ ಮಾತು ಬಿಡ್ರಿ. ಎಂಎಲ್‌ಎ ಪಿಂಚಣಿ ಬಗ್ಗೆ ಯಾರೂ ಯಾಕೆ ಕೇಳಲ್ಲ?

ಹಳೆ ಖಜಾನೆ ಗುಮಾಸ್ತ, ಕಲಬುರಗಿ

ಅದಕ್ಕೆ ಹೆಡ್ಡು ಬೇರೆ. ಬೇರೆ ಚರ್ಚೆ ಶುರು ಮಾಡಪ್ಪಾ, ಅಲ್ಲಿಗೂ ಬರುತ್ತೇನೆ.

ಸೇಡಂನವಳು, ಈಗ ಲಂಡನ್ ಹತ್ತಿರ

ಕಾಕಾ, ನಿಮ್ಮ ಮೊಮ್ಮಗನಿಗೆ ಉತ್ತರ ನನ್ನ ಹತ್ತಿರ ಇದೆ. ಇಲ್ಲಿ ಒಂದು ಕೌನ್ಸಿಲ್‌ನಲ್ಲಿ, ನಮ್ಮ ನಗರಸಭೆಯಂಥದ್ದು, ಲೆಕ್ಕಪತ್ರ ನೋಡುವ ಕೆಲಸ ನನ್ನದು, ಹಾಗಾಗಿ ನಮ್ಮಿಬ್ಬರದೂ ಒಂದೇ ಜಾತಿ.

ರಾಜನಿಗೆ ಇಲ್ಲಿ ಸಂಬಳ ಅಂತ ಇಲ್ಲ. ಸಾವರಿನ್ ಗ್ರಾಂಟ್ ಅಂತ ಇದೆ, 2011ರ ಕಾಯ್ದೆ, 2012ರಿಂದ ಜಾರಿ. ಅರಮನೆಯ ನೌಕರರ ಸಂಬಳ, ಕಟ್ಟಡಗಳ ರಿಪೇರಿ, ಅಧಿಕೃತ ಪ್ರಯಾಣ ಇದರಲ್ಲಿ. ಪೊಲೀಸ್ ಭದ್ರತೆ ಇದರಲ್ಲಿ ಸೇರಿಲ್ಲ, ಅದು ಬೇರೆ ಕಡೆಯಿಂದ. ಮೊತ್ತವನ್ನು ಅಳೆಯುವ ರೀತಿ ವಿಚಿತ್ರವಾಗಿದೆ. ಕ್ರೌನ್ ಎಸ್ಟೇಟ್ ಅನ್ನುವ ದೊಡ್ಡ ಆಸ್ತಿ ಇದೆ, ಲಂಡನ್ನಿನ ಬೀದಿಗಳಿಂದ ಹಿಡಿದು ಸಮುದ್ರದ ತಳದವರೆಗೆ. 1760ರಲ್ಲಿ ಮೂರನೇ ಜಾರ್ಜ್ ಅದರ ಆದಾಯವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಬದಲಿಗೆ ಖರ್ಚಿಗೆ ಇಷ್ಟು ಅಂತ ತೆಗೆದುಕೊಂಡ. ನಿಮ್ಮ ಸರ್ಫೆ ಖಾಸ್ ಕಥೆಯೇ, ಇಲ್ಲಿ ಇನ್ನೂರು ವರ್ಷ ಮೊದಲು ನಡೆದಿದೆ. ಈಗ ಆ ಎಸ್ಟೇಟಿನ ಎರಡು ವರ್ಷ ಹಿಂದಿನ ಲಾಭದಲ್ಲಿ ಇಷ್ಟು ಶೇಕಡಾ ಅಂತ ಗ್ರಾಂಟ್ ನಿಗದಿ ಮಾಡುತ್ತಾರೆ. ಮೊದಲು ಶೇ 15 ಇತ್ತು. 2017ರಿಂದ ಬಕಿಂಗ್‌ಹ್ಯಾಮ್ ಅರಮನೆಯ ವೈರಿಂಗು, ನಲ್ಲಿ ಪೈಪುಗಳ ರಿಪೇರಿಗೆ ಶೇ 25 ಮಾಡಿದರು. ಹತ್ತು ವರ್ಷದ ಕೆಲಸ, 36.9 ಕೋಟಿ ಪೌಂಡ್.

ಆಮೇಲೆ ಒಂದು ತಮಾಷೆ ಆಯಿತು. ಸಮುದ್ರದಲ್ಲಿ ಗಾಳಿಯಂತ್ರ ಹಾಕುವ ಕಂಪನಿಗಳು ಕ್ರೌನ್ ಎಸ್ಟೇಟಿಗೆ ಕಟ್ಟುವ ದುಡ್ಡಿನಿಂದ ಲಾಭ ಏರಿಬಿಟ್ಟಿತು. ಶೇ 12ಕ್ಕೆ ಇಳಿಸಿದರೂ, ನಾಲ್ಕು ವರ್ಷ 8.63 ಕೋಟಿ ಪೌಂಡ್ ಇದ್ದ ಗ್ರಾಂಟ್ 2025-26ಕ್ಕೆ 13.21 ಕೋಟಿ ಆಯಿತು. ಗಾಳಿ ಬೀಸಿದ್ದಕ್ಕೂ ಅರಮನೆಗೆ ದುಡ್ಡು. ನಮ್ಮ ಕೌನ್ಸಿಲ್‌ನಲ್ಲಿ ಗ್ರಂಥಾಲಯದ ಸಮಯ ಕಡಿಮೆ ಮಾಡಿದ ವಾರವೇ ನಾನು ಈ ಸುದ್ದಿ ಓದಿದ್ದು. ಹೊಟ್ಟೆ ಉರಿಯಿತು.

ದುಡ್ಡು ಬರುವುದು ಖಜಾನೆಯಿಂದಲೇ. ಲಾಭ ಪೂರ್ತಿ ಖಜಾನೆಗೆ ಹೋಗುತ್ತದೆ, ಗ್ರಾಂಟ್ ಅಲ್ಲಿಂದ ಬರುತ್ತದೆ. ಆದ್ದರಿಂದ ಮೊಮ್ಮಗನ ಗೊಣಗಾಟ ಪೂರ್ತಿ ಸುಳ್ಳೂ ಅಲ್ಲ. ರಾಜನ ಸ್ವಂತ ಕೈಖರ್ಚು ಡಚಿ ಆಫ್ ಲ್ಯಾಂಕಾಸ್ಟರ್ ಅನ್ನುವ ಇನ್ನೊಂದು ಜಹಗೀರಿನಿಂದ, ಯುವರಾಜನದು ಕಾರ್ನ್‌ವಾಲ್ ಜಹಗೀರಿನಿಂದ. ಆದಾಯ ತೆರಿಗೆಯನ್ನು 1993ರಿಂದ ತಾವಾಗಿ ಕಟ್ಟುತ್ತಿದ್ದಾರೆ. ಕಾಯ್ದೆ ಕಟ್ಟು ಅನ್ನುವುದಿಲ್ಲ.

ಕುಟುಂಬ ದೊಡ್ಡದಾದಂತೆ ಯಾರ್ಯಾರಿಗೆ ಕೊಡಬೇಕು ಅನ್ನುವ ಜಗಳ ಎಲ್ಲ ಕಡೆ ಇದೆ. ಸ್ವೀಡನ್ ರಾಜ 2019ರಲ್ಲಿ ಐದು ಮೊಮ್ಮಕ್ಕಳನ್ನು ರಾಜಮನೆತನದ ಅಧಿಕೃತ ಪಟ್ಟಿಯಿಂದ ತೆಗೆದ. ಸ್ಪೇನ್ ರಾಜ 2020ರಲ್ಲಿ ಸ್ವಂತ ಅಪ್ಪನ ಭತ್ಯೆಯನ್ನೇ ನಿಲ್ಲಿಸಿದ. ನಮ್ಮ ಊರಿನಲ್ಲಿ ಹೊಲ ಪಾಲಾಗುವಾಗ ನಡೆಯುವುದಕ್ಕೂ ಇದಕ್ಕೂ ಏನು ಫರಕು, ಅಲ್ವಾ?

ಹಳೆ ಖಜಾನೆ ಗುಮಾಸ್ತ, ಕಲಬುರಗಿ

ಎಲ್ಲರಿಗೂ ಉಪಕಾರ. ಟೀಚರಮ್ಮ, ಬಾಲ ಹಿಡಿದು ಕೊಟ್ಟಿರಿ. ಏಳಕ್ಕೆ ಆರು! ನನ್ನ ಅಪ್ಪ ಇದ್ದಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದರು.

ವಕೀಲರೇ, "ಚಾರ್ಜ್ಡ್" ಅಂದ ಕೂಡಲೇ ನನಗೆ ಬೆಳಕಾಯಿತು. ಕಂತು ಅಂದದ್ದನ್ನೂ ಒಪ್ಪುತ್ತೇನೆ. ಆದರೆ ಒಂದು ಆಕ್ಷೇಪಣೆ ಬರೆದಿಡುತ್ತೇನೆ, ರೂಢಿ ಬಿಡುವುದಿಲ್ಲ. ಕಂತು ಅಂದರೆ ಎಷ್ಟು ಕಂತು ಅಂತ ಮೊದಲೇ ಇರಬೇಕು. ಇದರಲ್ಲಿ ಕೊನೆಯ ತಾರೀಖು ಇರಲಿಲ್ಲ, ಮಗ, ಮೊಮ್ಮಗ ಅಂತ ಹೋಗುತ್ತಿತ್ತು. ಕೊನೆಯ ಕಂತು ಇಲ್ಲದ ಬಿಲ್ಲನ್ನು ನಾನಾಗಿದ್ದರೆ ಪಾಸು ಮಾಡುತ್ತಿರಲಿಲ್ಲ. 1971ರಲ್ಲಿ ಹರಿದದ್ದು ತಪ್ಪಿರಬಹುದು, 1950ರಲ್ಲಿ ಹಾಗೆ ಬರೆದದ್ದೂ ತಪ್ಪೇ. ಒಂದು ಗಂಟು ಕೊಟ್ಟು ರಸೀದಿ ತೆಗೆದುಕೊಳ್ಳಬೇಕಿತ್ತು. ನಿಜಾಮರ ಒಡವೆಗೆ ಹಾಗೇ ಮಾಡಿದರಲ್ಲ, 1995ರಲ್ಲಿ 173 ಒಡವೆ, 218 ಕೋಟಿ, ಮುಗಿಯಿತು.

ಒಂದು ಲೆಕ್ಕ ಮಾಡಿದೆ, ತಪ್ಪಿದ್ದರೆ ತಿದ್ದಿ. ಕೊನೆಗೆ ಎಲ್ಲ ರಾಜರಿಗೂ ಸೇರಿ ವರ್ಷಕ್ಕೆ ಸುಮಾರು 4.8 ಕೋಟಿ ಹೋಗುತ್ತಿತ್ತು. ತಿಂಗಳಿಗೆ 200ರಂತೆ ಒಬ್ಬ ಹೋರಾಟಗಾರರಿಗೆ ವರ್ಷಕ್ಕೆ 2,400. ಭಾಗಿಸಿದರೆ ಇಪ್ಪತ್ತು ಸಾವಿರ ಜನ. ರಾಜಧನ ನಿಂತ ಎಂಟನೇ ತಿಂಗಳಿಗೆ ಆ ಪಿಂಚಣಿ ಶುರುವಾಗಿದೆ. ಒಂದು ಹೆಡ್ಡಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರು ಅಂತ ನಾನು ಹೇಳುತ್ತಿಲ್ಲ, ಹಾಗೆ ಯಾವ ಕಾಗದವೂ ಇಲ್ಲ. ತಾರೀಖು ಮಾತ್ರ ನೋಡಿದೆ.

ಸುರಪುರದ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಸೇಡಂ ತಂಗಿ, ನಿನ್ನ ಉತ್ತರವನ್ನು ಮೊಮ್ಮಗನಿಗೆ ಹಾಗೇ ಕಳಿಸಿದೆ. "ಹಂಗಾದ್ರ ಗಾಳಿಯಿಂದ ರಾಜಗ ಪಗಾರ" ಅಂತ ಉತ್ತರ ಬಂತು. ನಿನಗೆ ಇಷ್ಟವಾಗುವ ಇನ್ನೊಂದು ಸಂಗತಿ: 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಹಣಕಾಸು ಮಂತ್ರಿ ನಿಜಾಮರ 10,07,940 ಪೌಂಡನ್ನು ನಿಮ್ಮ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಹೆಸರಿಗೆ ಹಾಕಿಸಿದರು. ಯಾರದು ಅಂತ ತೀರ್ಮಾನ ಆಗಿದ್ದು 2019ರಲ್ಲಿ, ಭಾರತ ಮತ್ತು ನಿಜಾಮರ ವಾರಸುದಾರರ ಪರ. ಅಷ್ಟರಲ್ಲಿ ಅದು ಬೆಳೆದು 3.5 ಕೋಟಿ ಪೌಂಡ್ ಆಗಿತ್ತು. ಎಪ್ಪತ್ತೊಂದು ವರ್ಷ ಸಸ್ಪೆನ್ಸ್ ಅಕೌಂಟ್, ಅಂದರೆ ಯಾವ ಲೆಕ್ಕಕ್ಕೆ ಅಂತ ತೀರ್ಮಾನವಾಗದೆ ಇಟ್ಟ ದುಡ್ಡು! ನಮ್ಮಲ್ಲಿ ಮಾರ್ಚ್ 31 ದಾಟಿದರೇ ಮೆಮೊ ಕೊಡುತ್ತಿದ್ದರು.

ಇವತ್ತಿಗೆ ಇಷ್ಟು. ನವೆಂಬರ್ ಬಂತು, ನಾಳೆ ಬೆಳಿಗ್ಗೆ ನಾನೂ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕು. ಹೋದ ವರ್ಷ ಮಷಿನ್ ನನ್ನ ಹೆಬ್ಬೆಟ್ಟು ಹಿಡಿಯಲಿಲ್ಲ, ಮೂರು ಸಲ ಓಡಾಡಿದೆ. ನೋಟು ಎಣಿಸಿ ಎಣಿಸಿ ಗೆರೆ ಸವೆದಿದೆ ಅಂದಳು ಆ ಹುಡುಗಿ. ಮುಖ ತೋರಿಸಿದರೆ ಆಗುತ್ತದಂತಲ್ಲ ಈಗ ಮೊಬೈಲಿನಲ್ಲೇ, ಯಾರಾದರೂ ಮಾಡಿದ್ದೀರಾ?